ಹೃದಯಾಘಾತ: ಆಂಜಿಯೋಪ್ಲಾಸ್ಟಿ ಯಾವಾಗ ಬೇಕು, ಯಾವಾಗ ಬೇಡ?

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೊಂದರಂತೆ ಬರತೊಡಗಿದಾಗ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿ ನಿಲ್ಲತೊಡಗಿದರು. ಬೆಂಗಳೂರಿನ ಜಯದೇವದಲ್ಲೂ ಹೊರರೋಗಿಗಳ ದಟ್ಟಣೆ ಏರಿತು. ರಾಜ್ಯ ಸರ್ಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸಾವುಗಳಲ್ಲಿ ಅಸಹಜವೆನ್ನುವಂಥ ಏರಿಕೆ ಇಲ್ಲವೆಂದು ಆ ಸಮಿತಿ ತಿಳಿಸಿತು. ಸಾಲು ಕರಗಿತು. ಆದರೆ ಆ ದಿನಗಳಲ್ಲಿ ಮನೆಮನೆಯಲ್ಲೂ ಎದ್ದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು: ಎದೆನೋವು ಬಂದರೆ ಕೂಡಲೇ ಸ್ಟೆಂಟ್ ಹಾಕಿಸಬೇಕೇ?

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಅದೇ ಬಲೂನು, ಅದೇ ಸ್ಟೆಂಟ್, ಅದೇ ನುರಿತ ಕೈ; ಆದರೂ ಹೃದಯಾಘಾತವಾದ ಎರಡನೆಯ ಗಂಟೆಯಲ್ಲಿ ಜೀವ ಉಳಿಸುವ ಚಿಕಿತ್ಸೆ ಐದನೆಯ ದಿನ ರೋಗಿಗೆ ಯಾವ ಲಾಭವನ್ನೂ ತಾರದಿರಬಹುದು. ಆಂಜಿಯೋಪ್ಲಾಸ್ಟಿಯ ವಿಷಯದಲ್ಲಿ ಗಡಿಯಾರದ ಮುಳ್ಳಿಗೆ ಇರುವ ಅಧಿಕಾರ ವೈದ್ಯಶಾಸ್ತ್ರದ ಬೇರೆ ಕಡೆ ಅಪರೂಪ.

ನಾಳದೊಳಗೆ ನಡೆಯುವುದೇನು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಧಮನಿಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗಿ ಗಂಟು ಬೆಳೆದಿರುತ್ತದೆ. ಅದರ ಮೇಲ್ಪದರ ಒಂದು ದಿನ ಬಿರುಕು ಬಿಡುತ್ತದೆ. ಗಾಯವಾಯಿತೆಂದು ಬಗೆದ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಕೈ ಕೊಯ್ದುಕೊಂಡಾಗ ಜೀವ ಕಾಯುವ ಇದೇ ಗುಣ ಮೂರು ನಾಲ್ಕು ಮಿಲಿಮೀಟರ್ ಅಗಲದ ಹೃದಯಧಮನಿಯಲ್ಲಿ ಮಾರಕವಾಗುತ್ತದೆ. ಹೆಪ್ಪು ಧಮನಿಯನ್ನು ಪೂರ್ತಿ ಮುಚ್ಚಿದರೆ ಅದರಾಚೆಯ ಸ್ನಾಯು ಸಾಯಲಾರಂಭಿಸುತ್ತದೆ. ಆದರೆ ಸ್ನಾಯು ಒಂದೇ ಏಟಿಗೆ ಸಾಯುವುದಿಲ್ಲ. ಸಾವು ಹೃದಯದ ಒಳಪದರದಿಂದ ಹೊರಪದರದತ್ತ ಅಲೆಯಂತೆ ಹರಡುತ್ತ ಹೋಗುತ್ತದೆ. ಈ ಸಂಗತಿಯನ್ನು 1970ರ ದಶಕದಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಈ ಅಲೆ ಹೊರಪದರ ಮುಟ್ಟುವಷ್ಟರಲ್ಲಿ ನಾಳ ತೆರೆದರೆ ಉಳಿದಷ್ಟು ಸ್ನಾಯು ಉಳಿಯಿತು. ಇಡೀ ಚಿಕಿತ್ಸೆಯ ತರ್ಕ ಇಷ್ಟೇ.

ಇಂದು ಇದು ಎಲ್ಲರಿಗೂ ತಿಳಿದ ವಿಷಯವೆನಿಸಬಹುದು. ಆದರೆ 1980ರವರೆಗೂ ಹೆಪ್ಪೇ ಹೃದಯಾಘಾತಕ್ಕೆ ಕಾರಣವೋ ಅಥವಾ ಆಘಾತದ ನಂತರ ಹೆಪ್ಪು ಉಂಟಾಗುವುದೋ ಎಂಬ ಬಗ್ಗೆ ವಿದ್ವಾಂಸರಲ್ಲೇ ಜಗಳವಿತ್ತು. ಆ ವರ್ಷ ಅಮೆರಿಕದ ಸ್ಪೋಕೇನ್ ನಗರದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು, ಹೃದಯಾಘಾತದ ಮೊದಲ ಗಂಟೆಗಳಲ್ಲೇ ರೋಗಿಗಳಿಗೆ ಆಂಜಿಯೋಗ್ರಾಂ ಮಾಡಿ ನೋಡಿದ ಫಲಿತಾಂಶವನ್ನು ಪ್ರಕಟಿಸಿದರು. ನಾಲ್ಕು ಗಂಟೆಯೊಳಗೆ ಬಂದವರಲ್ಲಿ ಶೇಕಡಾ 87 ಮಂದಿಯ ಧಮನಿ ಪೂರ್ತಿ ಮುಚ್ಚಿತ್ತು. ಅರ್ಧ ದಿನ ಕಳೆದು ಬಂದವರಲ್ಲಿ ಆ ಪ್ರಮಾಣ ಶೇಕಡಾ 65. ಹೆಪ್ಪು ಮೊದಲು, ಸ್ನಾಯುವಿನ ಸಾವು ಆಮೇಲೆ ಎಂಬುದು ಖಚಿತವಾಯಿತು. ಜೊತೆಗೆ ಇನ್ನೊಂದು ಸಂಗತಿಯೂ ಹೊಳೆಯಿತು: ಕೆಲವರಲ್ಲಿ ದೇಹವೇ ಹೆಪ್ಪನ್ನು ಕರಗಿಸಿಕೊಳ್ಳುತ್ತದೆ. ಆದರೆ ಸ್ನಾಯು ಉಳಿಯುವಷ್ಟು ಬೇಗ ಅಲ್ಲ.

ಇಸಿಜಿ ಹೇಳುವ ಎರಡು ಕಥೆ

ಆಂಜಿಯೋಪ್ಲಾಸ್ಟಿ ಯಾವಾಗ ಎಂಬ ತೀರ್ಮಾನದ ಮೊದಲ ಮೆಟ್ಟಿಲು ಇಸಿಜಿ. ಎದೆನೋವಿನ ರೋಗಿ ವೈದ್ಯಕೀಯ ಸಿಬ್ಬಂದಿಯ ಕಣ್ಣಿಗೆ ಬಿದ್ದ ಹತ್ತು ನಿಮಿಷದೊಳಗೆ ಅದನ್ನು ತೆಗೆಯಬೇಕೆಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಆ ಗೆರೆಗಳಲ್ಲಿ ಎಸ್‌ಟಿ ಎಂಬ ಭಾಗ ಮೇಲಕ್ಕೆದ್ದಿದ್ದರೆ ಧಮನಿ ಸಂಪೂರ್ಣ ಮುಚ್ಚಿರುವ ಸಾಧ್ಯತೆ ಹೆಚ್ಚು. ಇದನ್ನು ವೈದ್ಯರು ಸ್ಟೆಮಿ ಎನ್ನುತ್ತಾರೆ. ಎಸ್‌ಟಿ ಏಳದೆ, ಆದರೆ ರಕ್ತಪರೀಕ್ಷೆಯಲ್ಲಿ ಟ್ರೋಪೊನಿನ್ ಎಂಬ ಪ್ರೋಟೀನು ಹೆಚ್ಚಾಗಿ ಕಂಡರೆ ಅದು ಎನ್‌ಸ್ಟೆಮಿ. ಧಮನಿ ಬಹಳ ಮಟ್ಟಿಗೆ ಮುಚ್ಚಿದ್ದರೂ ರಕ್ತದ ಒಂದು ಸಣ್ಣ ಎಳೆ ಸಾಮಾನ್ಯವಾಗಿ ಹರಿಯುತ್ತಿರುತ್ತದೆ.

ಎರಡೂ ಹೃದಯಾಘಾತವೇ. ಆದರೆ ಮೊದಲನೆಯದರಲ್ಲಿ ನಿಮಿಷಗಳ ಲೆಕ್ಕ, ಎರಡನೆಯದರಲ್ಲಿ ಗಂಟೆಗಳ ಲೆಕ್ಕ. ಇಲ್ಲೊಂದು ಮಾತು ಮುಖ್ಯ. ಇಸಿಜಿಯಲ್ಲಿ ಎಸ್‌ಟಿ ಎದ್ದಿದ್ದ ಮೇಲೆ ಟ್ರೋಪೊನಿನ್ ವರದಿಗಾಗಿ ಕಾಯುವುದು ಕಾಲಹರಣ. ಮನೆಗೆ ಬೆಂಕಿ ಹತ್ತಿದ್ದು ಕಣ್ಣಿಗೆ ಕಾಣುತ್ತಿರುವಾಗ ಹೊಗೆಯ ವಾಸನೆ ಬಂತೇ ಎಂದು ನೆರೆಮನೆಯವರನ್ನು ಕೇಳಿದಂತೆ ಅದು. ಮೊದಲ ಇಸಿಜಿ ಸರಿಯಾಗಿದ್ದರೂ ನೋವು ನಿಲ್ಲದಿದ್ದರೆ ಮತ್ತೆ ಮತ್ತೆ ತೆಗೆಯಬೇಕು. ಹೃದಯದ ಹಿಂಭಾಗದ ಆಘಾತ ಸಾಮಾನ್ಯ ಇಸಿಜಿಯಲ್ಲಿ ಅಡಗಿಕೊಳ್ಳುವುದೂ ಉಂಟು. ಮಧುಮೇಹಿಗಳು, ವೃದ್ಧರು ಮತ್ತು ಮಹಿಳೆಯರಲ್ಲಿ ಎದೆನೋವಿಗೆ ಬದಲಾಗಿ ಉಬ್ಬಸ, ಬೆವರು, ವಾಕರಿಕೆ, ವಿಪರೀತ ಸುಸ್ತಷ್ಟೇ ಕಾಣಿಸಿಕೊಳ್ಳಬಹುದು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಮಲಗಿಸಿದ ಮನೆಗಳಲ್ಲಿ ಕಳೆದುಹೋಗುವುದು ಈ ಮೊದಲ ಗಂಟೆಯೇ.

ಕರಗಿಸುವುದೋ, ಒಡೆಯುವುದೋ?

ಮುಚ್ಚಿದ ಧಮನಿಯನ್ನು ತೆರೆಯಲು ಎರಡು ದಾರಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಒಂದು. ಮಣಿಕಟ್ಟಿನ ಅಥವಾ ತೊಡೆಯ ಸಂದಿನ ರಕ್ತನಾಳದ ಮೂಲಕ ತಂತಿ ತೂರಿಸಿ, ಬಲೂನು ಉಬ್ಬಿಸಿ, ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಕೂರಿಸುವ ಆಂಜಿಯೋಪ್ಲಾಸ್ಟಿ ಇನ್ನೊಂದು.

ಮದ್ದಿನ ಬಲ ಮೊದಲು ಸಾಬೀತಾಯಿತು. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಆಗಲಿ ಸ್ಟ್ರೆಪ್ಟೋಕೈನೇಸ್ ಆಗಲಿ ಸಿಗದವರಲ್ಲಿ ಐದು ವಾರದೊಳಗೆ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತವರು ಶೇಕಡಾ 13.2, ಎರಡೂ ಸಿಕ್ಕವರಲ್ಲಿ ಶೇಕಡಾ 8. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಆಸ್ಪಿರಿನ್ ಮಾತ್ರೆಗೆ ಅಂದು ಸಿಕ್ಕ ಗೌರವ ಇಂದಿಗೂ ಕುಂದಿಲ್ಲ.

ಆಂಜಿಯೋಪ್ಲಾಸ್ಟಿಯ ಕಥೆ ಬೇರೆ. ಜರ್ಮನ್ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್ 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಎಚ್ಚರವಿದ್ದ ರೋಗಿಯ ಹೃದಯಧಮನಿಯಲ್ಲಿ ಬಲೂನು ಉಬ್ಬಿಸಿದಾಗ, ಅದು ಹೃದಯಾಘಾತದ ತುರ್ತು ಚಿಕಿತ್ಸೆಯಾಗಿರಲಿಲ್ಲ. ನಡೆದಾಗ ಎದೆ ಹಿಡಿಯುವವರಿಗಾಗಿ ಕಂಡುಕೊಂಡ ಉಪಾಯವಾಗಿತ್ತು. ಆಘಾತ ನಡೆಯುತ್ತಿರುವಾಗಲೇ ಬಲೂನು ತೂರಿಸುವ ಸಾಹಸವನ್ನು 1980ರ ದಶಕದ ಆರಂಭದಲ್ಲಿ ಕಾನ್ಸಾಸ್ ಸಿಟಿಯ ಜೆಫ್ರಿ ಹಾರ್ಟ್‌ಜ್ಲರ್ ಮೊದಲಾದವರು ಕೈಗೊಂಡರು. 1986ರಲ್ಲಿ ಮೊದಲ ಸ್ಟೆಂಟ್‌ಗಳು ಮಾನವ ಹೃದಯಧಮನಿಯನ್ನು ಸೇರಿದವು. 1993ರಲ್ಲಿ ಮದ್ದನ್ನೂ ಬಲೂನನ್ನೂ ಮುಖಾಮುಖಿ ನಿಲ್ಲಿಸಿದ ಅಧ್ಯಯನಗಳು ಹೊರಬಂದವು. ಗ್ರುಂಟ್ಸಿಗ್ ಅದನ್ನು ನೋಡಲಿಲ್ಲ. 1985ರಲ್ಲೇ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು.

ಹತ್ತು ವರ್ಷಗಳ ಬಳಿಕ, 2003ರಲ್ಲಿ, ಅಂಥ 23 ಅಧ್ಯಯನಗಳ 7,739 ರೋಗಿಗಳ ವಿವರವನ್ನು ಒಟ್ಟುಗೂಡಿಸಿದಾಗ ಚಿತ್ರ ಸ್ಪಷ್ಟವಾಯಿತು. ಮದ್ದು ಪಡೆದವರಲ್ಲಿ ಶೇಕಡಾ 9 ಮಂದಿ ಮೊದಲ ವಾರಗಳಲ್ಲಿ ಸತ್ತಿದ್ದರೆ, ಆಂಜಿಯೋಪ್ಲಾಸ್ಟಿ ಆದವರಲ್ಲಿ ಶೇಕಡಾ 7. ಮತ್ತೊಮ್ಮೆ ಹೃದಯಾಘಾತವಾದವರು ಶೇಕಡಾ 7 ಮತ್ತು 3. ಪಾರ್ಶ್ವವಾಯು ಶೇಕಡಾ 2 ಮತ್ತು 1. ಮೂರರಲ್ಲೂ ಗೆದ್ದದ್ದು ಬಲೂನು. ಅಂದಿನಿಂದ, ಎಸ್‌ಟಿ ಎದ್ದ ಹೃದಯಾಘಾತಕ್ಕೆ ನೇರ ಆಂಜಿಯೋಪ್ಲಾಸ್ಟಿಯೇ ಶ್ರೇಷ್ಠವೆಂಬುದು ಜಗತ್ತಿನೆಲ್ಲೆಡೆ ಒಪ್ಪಿತ ಮಾತು.

ಆದರೆ ಆ ಮಾತಿಗೆ ಒಂದು ಷರತ್ತು ಅಂಟಿಕೊಂಡಿದೆ. ಕರ್ನಾಟಕದಂಥ ನಾಡಿನಲ್ಲಿ ಮಾತಿಗಿಂತ ಷರತ್ತೇ ದೊಡ್ಡದು.

ನೂರಿಪ್ಪತ್ತು ನಿಮಿಷ

ಇಸಿಜಿ ನೋಡಿ ರೋಗ ನಿರ್ಧಾರವಾದ ಹೊತ್ತಿನಿಂದ, ಮುಚ್ಚಿದ ಧಮನಿಯೊಳಗೆ ತಂತಿ ದಾಟುವ ಹೊತ್ತಿನವರೆಗೆ 120 ನಿಮಿಷ ಮೀರಬಾರದು. ಇದು ಯುರೋಪಿನ ಹೃದ್ರೋಗ ತಜ್ಞರ ಸಂಘ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಗಡಿ. ರೋಗಿ ನೇರವಾಗಿ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೇ ಬಂದಿದ್ದರೆ ಗುರಿ ಇನ್ನೂ ಬಿಗಿ: 60 ನಿಮಿಷ. ಈ 120 ನಿಮಿಷದಲ್ಲಿ ತಂತಿ ದಾಟಿಸಲು ಸಾಧ್ಯವಿಲ್ಲವೆಂದು ಕಂಡರೆ, ಮದ್ದು ಕೊಡಲು ಅಡ್ಡಿಯಿಲ್ಲದವರಿಗೆ ಹತ್ತು ನಿಮಿಷದೊಳಗೆ ಹೆಪ್ಪು ಕರಗಿಸುವ ಮದ್ದನ್ನು ಕೊಟ್ಟುಬಿಡಬೇಕು.

ಗಮನಿಸಬೇಕಾದ್ದು ಏನೆಂದರೆ, ಇಲ್ಲಿ ಲೆಕ್ಕಕ್ಕೆ ಬರುವುದು ಆಂಬುಲೆನ್ಸ್ ಓಡುವ ಹೊತ್ತು ಮಾತ್ರವಲ್ಲ. ವಾಹನ ಬರುವವರೆಗಿನ ಕಾಯುವಿಕೆ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮರುಪರೀಕ್ಷೆ, ಮನೆಯವರ ಒಪ್ಪಿಗೆ, ರಾತ್ರಿಯಾದರೆ ತಜ್ಞರು ಮನೆಯಿಂದ ಬರುವ ಸಮಯ ಎಲ್ಲವೂ ಸೇರಿ 120 ನಿಮಿಷ. ಬೆಂಗಳೂರಿನ ಜಯನಗರದ ನಿವಾಸಿಗೆ ಇದು ಸುಲಭದ ಮಾತು. ಸಂಜೆಯ ವಾಹನ ದಟ್ಟಣೆಯಲ್ಲಿ ಅದೂ ಅಷ್ಟು ಸುಲಭವಲ್ಲ. ಆಗುಂಬೆ ಘಟ್ಟದ ಮೇಲಿನ ಹಳ್ಳಿಯಿಂದ ಮಳೆಗಾಲದ ರಾತ್ರಿ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೊರಡಬೇಕಾದವರಿಗೆ, ಸುರಪುರದಿಂದ ಕಲಬುರಗಿಗೆ ಬರಬೇಕಾದವರಿಗೆ, ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನಿಂದ ಮೈಸೂರಿಗೆ ಸಾಗಬೇಕಾದವರಿಗೆ ಈ ಗಡಿ ಹೆಚ್ಚಿನ ಸಲ ಕೈಗೆಟುಕದು.

ಅಂಥ ರೋಗಿಗೆ ‘ಇಲ್ಲಿ ಆಗುವುದಿಲ್ಲ, ದೊಡ್ಡಾಸ್ಪತ್ರೆಗೆ ಒಯ್ಯಿರಿ’ ಎಂದು ಬರೆದುಕೊಟ್ಟು ಬರಿಗೈಯಲ್ಲಿ ಕಳುಹಿಸುವುದು ಹಾನಿಕರ. ಶ್ರೇಷ್ಠವಾದುದನ್ನು ಕಾಯುತ್ತ ಲಭ್ಯವಿದ್ದುದನ್ನು ಕೈಬಿಟ್ಟಂತಾಗುತ್ತದೆ. ಮದ್ದಿನ ಪ್ರಭಾವವೂ ಮೊದಲ ಗಂಟೆಗಳಲ್ಲೇ ಅತ್ಯಧಿಕ. 1996ರಲ್ಲಿ ಪ್ರಕಟವಾದ ಬೊಯರ್ಸ್ಮಾ ತಂಡದ ವಿಶ್ಲೇಷಣೆಯ ಪ್ರಕಾರ, ನೋವು ಆರಂಭವಾದ ಮೊದಲ ಗಂಟೆಯಲ್ಲಿ ಮದ್ದು ಪಡೆದ ಪ್ರತಿ ಸಾವಿರ ಮಂದಿಯಲ್ಲಿ ಹೆಚ್ಚುವರಿಯಾಗಿ 65 ಜೀವ ಉಳಿಯುತ್ತವೆ. ಎರಡನೆಯ ಗಂಟೆಯಲ್ಲಿ 37. ಮೂರನೆಯ ಗಂಟೆಗೆ 26. ಮೊದಲ ಗಂಟೆಗೂ ಎರಡನೆಯ ಗಂಟೆಗೂ ನಡುವಿನ ಆ 28 ಜೀವಗಳ ವ್ಯತ್ಯಾಸವನ್ನು ಯಾವ ಹೈಟೆಕ್ ಆಸ್ಪತ್ರೆಯೂ ಆಮೇಲೆ ತುಂಬಿಕೊಡಲಾರದು.

ಮದ್ದು ಕೊಟ್ಟು ಸುಮ್ಮನಾಗುವುದೂ ಇಂದಿನ ಕ್ರಮವಲ್ಲ. ಮದ್ದು ಕೊಟ್ಟ ಕೂಡಲೇ ರೋಗಿಯನ್ನು ಆಂಜಿಯೋಪ್ಲಾಸ್ಟಿ ಸೌಲಭ್ಯವಿರುವ ಕೇಂದ್ರಕ್ಕೆ ಕಳುಹಿಸಬೇಕು. 60ರಿಂದ 90 ನಿಮಿಷದ ನಂತರ ಮತ್ತೆ ಇಸಿಜಿ ತೆಗೆದಾಗ ಎದ್ದಿದ್ದ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ, ನೋವು ತಗ್ಗಿದ್ದರೆ ಮದ್ದು ಕೆಲಸ ಮಾಡಿದೆಯೆಂದು ಅರ್ಥ. ಅಂಥವರಿಗೆ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿ, ಅಗತ್ಯವಿದ್ದರೆ ಸ್ಟೆಂಟ್ ಹಾಕುತ್ತಾರೆ. ಎಸ್‌ಟಿ ಇಳಿಯದಿದ್ದರೆ ಕಾಯುವಂತಿಲ್ಲ. ತಕ್ಷಣ ಆಂಜಿಯೋಪ್ಲಾಸ್ಟಿ ಮಾಡಬೇಕು. ಇದನ್ನು ವೈದ್ಯರು ‘ರೆಸ್ಕ್ಯೂ’ ಎನ್ನುತ್ತಾರೆ, ಹೆಸರು ಅನ್ವರ್ಥವಾಗಿದೆ.

ಈ ಮಿಶ್ರ ಕ್ರಮ ಬಡವರ ಪಾಲಿನ ಎರಡನೆ ದರ್ಜೆಯ ಚಿಕಿತ್ಸೆಯೇ ಎಂಬ ಸಂಶಯ ಸಹಜ. ಅದಕ್ಕೆ ಉತ್ತರ 2013ರ ಸ್ಟ್ರೀಮ್ ಅಧ್ಯಯನದಲ್ಲಿದೆ. ನೋವು ಆರಂಭವಾಗಿ ಮೂರು ಗಂಟೆಯೊಳಗೆ ಬಂದ, ಒಂದು ಗಂಟೆಯಲ್ಲಿ ಆಂಜಿಯೋಪ್ಲಾಸ್ಟಿ ಸಿಗುವಂತಿಲ್ಲದ 1,892 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಟೆನೆಕ್ಟೆಪ್ಲೇಸ್ ಮದ್ದು ಕೊಟ್ಟು ನಂತರ ಆಂಜಿಯೋಗ್ರಾಂ ಮಾಡಲಾಯಿತು. ಉಳಿದವರಿಗೆ ನೇರ ಆಂಜಿಯೋಪ್ಲಾಸ್ಟಿ. ಸಾವು, ಹೃದಯ ವೈಫಲ್ಯ, ಮರು ಆಘಾತ ಇತ್ಯಾದಿಗಳ ಒಟ್ಟು ಲೆಕ್ಕ ಮೊದಲ ಗುಂಪಿನಲ್ಲಿ ಶೇಕಡಾ 12.4, ಎರಡನೆಯದರಲ್ಲಿ 14.3. ಹೆಚ್ಚುಕಡಿಮೆ ಸರಿಸಮ. ಆದರೆ ಬೆಲೆಯೂ ಇತ್ತು: ಮದ್ದು ಪಡೆದವರಲ್ಲಿ ಶೇಕಡಾ 36 ಮಂದಿಗೆ ತುರ್ತು ಆಂಜಿಯೋಗ್ರಾಂ ಬೇಕಾಯಿತು, ಮಿದುಳಿನಲ್ಲಿ ರಕ್ತಸ್ರಾವವಾದವರು ಶೇಕಡಾ 1, ನೇರ ಆಂಜಿಯೋಪ್ಲಾಸ್ಟಿಯವರಲ್ಲಿ 0.2. ಎಪ್ಪತ್ತೈದು ದಾಟಿದವರಿಗೆ ಮದ್ದಿನ ಪ್ರಮಾಣವನ್ನು ಅರ್ಧಕ್ಕಿಳಿಸುವ ಪದ್ಧತಿ ಈ ಅಧ್ಯಯನದ ನಡುವೆಯೇ ಬಂತು.

ಮಿದುಳಿನ ರಕ್ತಸ್ರಾವದ ಈ ಭಯದಿಂದಲೇ ಕೆಲವರಿಗೆ ಮದ್ದು ವರ್ಜ್ಯ. ಹಿಂದೆ ಎಂದಾದರೂ ಮಿದುಳಿನಲ್ಲಿ ರಕ್ತಸ್ರಾವವಾದವರು, ಆರು ತಿಂಗಳೊಳಗೆ ಪಾರ್ಶ್ವವಾಯು ಬಡಿದವರು, ತಿಂಗಳೊಳಗೆ ದೊಡ್ಡ ಶಸ್ತ್ರಚಿಕಿತ್ಸೆ, ತಲೆಗೆ ಪೆಟ್ಟು ಅಥವಾ ಕರುಳಿನ ರಕ್ತಸ್ರಾವ ಆದವರು, ಮಹಾಪಧಮನಿ ಸೀಳಿರುವ ಶಂಕೆ ಇರುವವರು ಈ ಸಾಲಿಗೆ ಸೇರುತ್ತಾರೆ. ಇವರಿಗೆ ಎಷ್ಟೇ ದೂರವಾದರೂ ಕ್ಯಾಥ್‌ಲ್ಯಾಬ್‌ನ ದಾರಿಯೇ ದಾರಿ.

ರಾಜ್ಯ ಸರ್ಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ಹಿಂದಿರುವುದು ಇದೇ ಲೆಕ್ಕಾಚಾರ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ಕೇಂದ್ರದ ಹೃದ್ರೋಗ ತಜ್ಞರು ನೋಡಿ ಹೇಳುವುದು, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಅದರ ಬಗೆ. ತೂಕಕ್ಕೆ ತಕ್ಕಂತೆ ಒಂದೇ ಸಲಕ್ಕೆ ಕೊಟ್ಟು ಮುಗಿಸಬಹುದಾದ ಮದ್ದಿದು. ಸ್ಟ್ರೆಪ್ಟೋಕೈನೇಸ್‌ನಂತೆ ಅರ್ಧ ಮುಕ್ಕಾಲು ಗಂಟೆ ಹನಿಹನಿಯಾಗಿ ಹರಿಸುವ ಕಷ್ಟವಿಲ್ಲ. ನೆರೆಯ ತಮಿಳುನಾಡಿನಲ್ಲಿ ಇಂಥದೇ ಸಣ್ಣ ಆಸ್ಪತ್ರೆ–ದೊಡ್ಡ ಆಸ್ಪತ್ರೆಗಳ ಜೋಡಣೆಯನ್ನು ಪ್ರಯೋಗಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಗಿತ್ತು.

ಇಷ್ಟೆಲ್ಲ ಹೇಳಿದರೂ ಅತಿ ದೊಡ್ಡ ವಿಳಂಬ ಆಸ್ಪತ್ರೆಯೊಳಗಿನದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,937 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ಅಧ್ಯಯನ ಅದನ್ನು ತೋರಿಸಿತ್ತು. ನೋವು ಆರಂಭವಾದಂದಿನಿಂದ ಆಸ್ಪತ್ರೆ ತಲಪಲು ರೋಗಿಗಳು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ. ಆಸ್ಪತ್ರೆ ತಲಪಿದ ಮೇಲೆ ಮದ್ದು ದೊರೆಯಲು ಹಿಡಿದದ್ದು 50 ನಿಮಿಷ. ಎಸ್‌ಟಿ ಎದ್ದ ರೋಗಿಗಳಲ್ಲಿ ಆಂಜಿಯೋಪ್ಲಾಸ್ಟಿ ಕಂಡವರು ನೂರಕ್ಕೆ ಎಂಟು ಮಂದಿ. ಅಂದಿನಿಂದ ಕ್ಯಾಥ್‌ಲ್ಯಾಬ್‌ಗಳು ಜಿಲ್ಲಾ ಕೇಂದ್ರಗಳಿಗೂ ಹಬ್ಬಿವೆ, ಜಯದೇವ ಸಂಸ್ಥೆಯೇ ಮೈಸೂರು, ಕಲಬುರಗಿಗಳಿಗೆ ವಿಸ್ತರಿಸಿದೆ. ಆದರೆ ಮನೆಯಲ್ಲೇ ಕಳೆಯುವ ಆರು ಗಂಟೆಗೆ ಕ್ಯಾಥ್‌ಲ್ಯಾಬ್ ಕಟ್ಟಿ ಪರಿಹಾರ ಕಾಣಲಾಗದು.

ತಡವಾಗಿ ಬಂದವರಿಗೆ?

ನೋವು ಆರಂಭವಾಗಿ 12 ಗಂಟೆಯೊಳಗೆ ಬಂದವರಿಗೆ ಧಮನಿ ತೆರೆಯುವ ಚಿಕಿತ್ಸೆ ಬೇಕೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 12 ಗಂಟೆ ಮೀರಿದರೂ ನೋವು ನಿಲ್ಲದಿದ್ದರೆ, ರಕ್ತದೊತ್ತಡ ಕುಸಿಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ಹೃದಯಬಡಿತ ಅಪಾಯಕರವಾಗಿ ಏರುಪೇರಾಗುತ್ತಿದ್ದರೆ ಆಗಲೂ ಆಂಜಿಯೋಪ್ಲಾಸ್ಟಿ ತುರ್ತೇ. ಇವು ಯಾವುವೂ ಇಲ್ಲದೆ 12ರಿಂದ 48 ಗಂಟೆಯ ನಡುವೆ ಬಂದವರಲ್ಲೂ ಅದನ್ನು ಪರಿಗಣಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಏಕೆಂದರೆ ಅಲ್ಪಸ್ವಲ್ಪ ರಕ್ತ ಹರಿದು ಒಂದಿಷ್ಟು ಸ್ನಾಯು ಇನ್ನೂ ಜೀವ ಹಿಡಿದಿರಬಹುದು.

48 ಗಂಟೆ ಕಳೆದ ಮೇಲೆ ಕಥೆ ಬದಲಾಗುತ್ತದೆ. ಮುಚ್ಚಿದ ನಾಳವನ್ನು ತಡವಾಗಿಯಾದರೂ ತೆರೆದರೆ ಏನಾದರೂ ಲಾಭವಿದ್ದೇ ತೀರಬೇಕು ಎಂಬುದು ಎಲ್ಲರಿಗೂ ಹೊಳೆಯುವ ತರ್ಕ. ಬಹುಕಾಲ ವೈದ್ಯರೂ ಹಾಗೆಯೇ ನಂಬಿದ್ದರು. 2006ರಲ್ಲಿ ಪ್ರಕಟವಾದ ‘ಓಟ್’ ಅಧ್ಯಯನ ಆ ನಂಬಿಕೆಯನ್ನು ಒರೆಗೆ ಹಚ್ಚಿತು. ಆಘಾತವಾಗಿ 3ರಿಂದ 28 ದಿನ ಕಳೆದ, ಧಮನಿ ಪೂರ್ತಿ ಮುಚ್ಚಿದ್ದರೂ ಸ್ಥಿತಿ ಸ್ಥಿರವಾಗಿದ್ದ 2,166 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸ್ಟೆಂಟ್ ಹಾಕಿ, ಉಳಿದವರನ್ನು ಔಷಧಿಯಲ್ಲೇ ನೋಡಿಕೊಳ್ಳಲಾಯಿತು. ನಾಲ್ಕು ವರ್ಷಗಳಲ್ಲಿ ಸಾವು, ಮರು ಆಘಾತ, ತೀವ್ರ ಹೃದಯ ವೈಫಲ್ಯಗಳ ಲೆಕ್ಕ ಸ್ಟೆಂಟ್ ಗುಂಪಿನಲ್ಲಿ ಶೇಕಡಾ 17.2, ಔಷಧಿಯ ಗುಂಪಿನಲ್ಲಿ 15.6. ಸ್ಟೆಂಟ್‌ನಿಂದ ಲಾಭ ಕಾಣಲಿಲ್ಲ. ಸತ್ತ ಸ್ನಾಯುವಿಗೆ ರಕ್ತ ಒಯ್ದರೆ, ಬೆಳೆ ಒಣಗಿದ ಮೇಲೆ ನಾಲೆಗೆ ನೀರು ಬಿಟ್ಟಂತೆ.

ಹೃದಯಾಘಾತವಾಗಿ ವಾರ ಕಳೆದು, ನೋವಿಲ್ಲದೆ ಓಡಾಡಿಕೊಂಡಿರುವವರಿಗೆ ‘ಒಂದು ನಾಳ ಶೇಕಡಾ 100 ಬ್ಲಾಕ್ ಆಗಿದೆ’ ಎಂಬ ವರದಿ ಕೈಗೆ ಬಂದಾಗ ಹುಟ್ಟುವ ದಿಗಿಲು ಅರ್ಥವಾಗುವಂಥದೇ. ಆದರೆ ಆ ಶೇಕಡಾವಾರು ಸಂಖ್ಯೆಯೊಂದೇ ಸ್ಟೆಂಟ್‌ಗೆ ಕಾರಣವಾಗಲಾರದು. ನಾಳದಾಚೆಯ ಸ್ನಾಯು ಜೀವಂತವಿದೆಯೇ, ನಡೆದರೆ ನೋವು ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ವೈದ್ಯರಿಗೆ ಕೇಳುವ ಹಕ್ಕು ಮನೆಯವರಿಗಿದೆ, ಉತ್ತರ ಪಡೆಯುವ ಹಕ್ಕೂ ಇದೆ.

ಎಸ್‌ಟಿ ಏಳದವರ ಗಡುವು

ಎನ್‌ಸ್ಟೆಮಿ ಬಗೆಯ ಆಘಾತದಲ್ಲಿ ಹೆಪ್ಪು ಕರಗಿಸುವ ಮದ್ದನ್ನು ಕೊಡುವುದಿಲ್ಲ. ಅದರಿಂದ ಲಾಭವಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಉಂಟು. ಇವರಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲೇ ಇರುವಾಗ ಆಂಜಿಯೋಗ್ರಾಂ ಮಾಡಿಸಿಕೊಳ್ಳಬೇಕಾಗುತ್ತದೆ. ಅಪಾಯದ ಲಕ್ಷಣ ಹೆಚ್ಚಿದ್ದರೆ 24 ಗಂಟೆಯೊಳಗೆ ಎಂಬುದು ಸಲಹೆ. ಔಷಧಿಗೆ ಜಗ್ಗದ ನೋವು, ರಕ್ತದೊತ್ತಡದ ಕುಸಿತ, ಶ್ವಾಸಕೋಶದಲ್ಲಿ ನೀರು, ಹೃದಯಸ್ತಂಭನ ಇವುಗಳಲ್ಲಿ ಒಂದಿದ್ದರೂ 2 ಗಂಟೆಯೊಳಗೆ. ಇಂಥ ರೋಗಿಗೆ ‘ನಾಳೆ ಬೆಳಿಗ್ಗೆ ಮಾಡೋಣ’ ಎಂದು ವೈದ್ಯರು ಹೇಳಿದರೆ ಅದು ಉದಾಸೀನವೆಂದು ಮನೆಯವರು ತಿಳಿಯುವುದುಂಟು. ಅಪಾಯದ ಲಕ್ಷಣವಿಲ್ಲದಿದ್ದರೆ ಅದು ಉದಾಸೀನವಲ್ಲ.

ಆಂಜಿಯೋಗ್ರಾಂನಲ್ಲಿ ಎಡಭಾಗದ ಮುಖ್ಯ ಕಾಂಡದಲ್ಲೇ ಅಥವಾ ಮೂರೂ ಧಮನಿಗಳಲ್ಲಿ ತೊಡಕಾದ ಅಡಚಣೆ ಕಂಡರೆ, ವಿಶೇಷವಾಗಿ ರೋಗಿ ಮಧುಮೇಹಿಯಾಗಿದ್ದರೆ, ಸ್ಟೆಂಟ್ ಬದಲು ಬೈಪಾಸ್ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಆಘಾತದ ಜೊತೆಗೆ ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗಿ, ಮೂತ್ರ ನಿಂತು ರೋಗಿ ‘ಶಾಕ್’ ಸ್ಥಿತಿಗೆ ಜಾರಿದರೆ ಅದು ಅತ್ಯಂತ ಕಠಿಣ ಗಳಿಗೆ. ಇಲ್ಲಿ ಗಡಿಯಾರದ ನಿಯಮಗಳು ಸಡಿಲವಾಗುತ್ತವೆ. ಎಷ್ಟೇ ತಡವಾಗಿ ಬಂದರೂ ಧಮನಿ ತೆರೆಯುವ ಪ್ರಯತ್ನ ನಡೆಯಬೇಕು. 1999ರ ‘ಶಾಕ್’ ಅಧ್ಯಯನದಲ್ಲಿ ಬೇಗ ಧಮನಿ ತೆರೆಸಿಕೊಂಡವರಲ್ಲೂ ಆರು ತಿಂಗಳಲ್ಲಿ ಅರ್ಧದಷ್ಟು ಮಂದಿ ಸತ್ತರು. ಮೊದಲು ಔಷಧಿಯಿಂದ ಸ್ಥಿರಗೊಳಿಸಲು ನೋಡಿದವರಲ್ಲಿ ಸತ್ತವರು ಶೇಕಡಾ 63. ಅಷ್ಟೇ ಅಂತರ, ಆದರೆ ನೂರಕ್ಕೆ ಹದಿಮೂರು ಮನೆ. ಇಂಥವರಲ್ಲಿ ಆಘಾತಕ್ಕೆ ಕಾರಣವಾದ ಒಂದೇ ನಾಳವನ್ನು ತೆರೆದು ಉಳಿದವನ್ನು ಆಗ ಮುಟ್ಟದಿರುವುದು ಲೇಸೆಂದು 2017ರ ಇನ್ನೊಂದು ಅಧ್ಯಯನ ತೋರಿಸಿತು. ಆಸ್ಪತ್ರೆಯವರು ‘ಗ್ಯಾರಂಟಿ ಇಲ್ಲ’ ಎಂದು ಹೇಳಿ ಸಹಿ ಕೇಳುವುದು ಹೆಚ್ಚಾಗಿ ಇಂಥ ರೋಗಿಗಳ ವಿಷಯದಲ್ಲೇ. ಆ ಮಾತು ಚಿಕಿತ್ಸೆ ಬೇಡವೆಂಬ ಸೂಚನೆಯಲ್ಲ. ಹಿಂಜರಿದು ಊರಿನ ಹಿರಿಯರನ್ನು ಕೇಳಲು ಹೊರಟರೆ ಉಳಿಯಬಹುದಾದ ಅರ್ಧವೂ ಕೈತಪ್ಪುತ್ತದೆ.

ಉಳಿದ ನಾಳಗಳ ಮಾತು

ಆಘಾತಕ್ಕೆ ಕಾರಣವಾದ ನಾಳಕ್ಕೆ ಸ್ಟೆಂಟ್ ಬಿದ್ದು ರೋಗಿ ಚೇತರಿಸಿಕೊಂಡ ಮೇಲೆ, ಇನ್ನೆರಡು ನಾಳಗಳಲ್ಲೂ ಅಡಚಣೆಯಿದೆ, ಅವಕ್ಕೂ ಸ್ಟೆಂಟ್ ಬೇಕೆಂದು ವೈದ್ಯರು ಹೇಳಿದಾಗ ‘ಇದು ದುಡ್ಡು ಮಾಡುವ ದಾರಿ’ ಎಂಬ ಗೊಣಗಾಟ ಕೇಳಿಬರುವುದುಂಟು. ಸಂಶಯ ಸದಾ ಸರಿಯಲ್ಲ. 4,041 ರೋಗಿಗಳ ‘ಕಂಪ್ಲೀಟ್’ ಅಧ್ಯಯನ 2019ರಲ್ಲಿ ತೋರಿಸಿದಂತೆ, ಶಾಕ್ ಸ್ಥಿತಿಯಿಲ್ಲದ ಸ್ಟೆಮಿ ರೋಗಿಗಳಲ್ಲಿ ಉಳಿದ ತೀವ್ರ ಅಡಚಣೆಗಳನ್ನೂ ಮುಂದಿನ ಆರು ವಾರಗಳೊಳಗೆ ಸರಿಪಡಿಸಿದಾಗ, ಹೃದಯಸಂಬಂಧಿ ಸಾವು ಅಥವಾ ಮರು ಆಘಾತ ಶೇಕಡಾ 10.5ರಿಂದ 7.8ಕ್ಕೆ ಇಳಿಯಿತು.

ಆದರೆ ಇದೇ ತರ್ಕವನ್ನು ಹೃದಯಾಘಾತವೇ ಆಗದವರಿಗೆ ಎಳೆದು ತರಲಾಗದು. ಜೋರಾಗಿ ನಡೆದಾಗ ಮಾತ್ರ ಎದೆ ಹಿಡಿದು, ನಿಂತರೆ ಸರಿಹೋಗುವ ಸ್ಥಿರ ರೋಗಿಗಳಲ್ಲಿ 2007ರ ‘ಕರೇಜ್’ ಅಧ್ಯಯನವಾಗಲಿ, 5,179 ರೋಗಿಗಳನ್ನೊಳಗೊಂಡು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನವಾಗಲಿ, ಔಷಧಿಗಿಂತ ಸ್ಟೆಂಟ್ ಹೆಚ್ಚು ಜೀವ ಉಳಿಸುತ್ತದೆಂದು ತೋರಿಸಲಿಲ್ಲ. ನೋವು ತಗ್ಗಿಸಲು ಅದು ಸಮರ್ಥ, ಆಯಸ್ಸು ಹೆಚ್ಚಿಸಲು ಅಲ್ಲ. ಮೈಸೂರಿನ ಆ ಸಾಲಿನಲ್ಲಿ ಯಾವ ತೊಂದರೆಯೂ ಇಲ್ಲದೆ ಭಯದಿಂದ ಬಂದು ನಿಂತಿದ್ದವರಿಗಂತೂ ಆಂಜಿಯೋಪ್ಲಾಸ್ಟಿಯ ಪ್ರಶ್ನೆಯೇ ಏಳುವುದಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ ಬೀಡಿ ಸಿಗರೇಟು ಬಿಟ್ಟರೆ ಅವರಿಗೆ ಆಗುವ ಉಪಕಾರ ಯಾವ ಆಂಜಿಯೋಗ್ರಾಂನಿಂದಲೂ ಆಗದು.

ದುಡ್ಡು ಮತ್ತು ಮಾತ್ರೆ

ಸ್ಟೆಂಟ್‌ನ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟ್‌ಗೆ ಅಂದು ನಿಗದಿಯಾದ ಗರಿಷ್ಠ ಬೆಲೆ 29,600 ರೂಪಾಯಿ. ಅದು ಆಗಾಗ ಪರಿಷ್ಕೃತವಾಗುತ್ತ ಬಂದಿದೆ. ಕ್ಯಾಥ್‌ಲ್ಯಾಬ್, ತಜ್ಞರು, ಹಾಸಿಗೆಯ ಶುಲ್ಕಕ್ಕೆ ಮಾತ್ರ ಆ ಮಿತಿ ಅನ್ವಯಿಸದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು. ರಾತ್ರಿ ಎರಡು ಗಂಟೆಗೆ ಕಾರ್ಡು ಹುಡುಕುವ ಸ್ಥಿತಿ ಬಾರದಂತೆ ಅದನ್ನು ಕೈಗೆ ಸಿಗುವ ಕಡೆ ಇಟ್ಟುಕೊಳ್ಳುವುದು, ಮೊದಲ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಹಾಗೂ ಕೊಟ್ಟ ಮದ್ದಿನ ವೇಳೆ ಬರೆದ ಚೀಟಿಯನ್ನು ರೋಗಿಯೊಂದಿಗೇ ಒಯ್ಯುವುದು ಸಣ್ಣ ಕೆಲಸಗಳಾದರೂ ನಿಮಿಷಗಳನ್ನು ಉಳಿಸುತ್ತವೆ.

ಇನ್ನು, ಸ್ಟೆಂಟ್ ಬಿದ್ದ ಮಾತ್ರಕ್ಕೆ ಚಿಕಿತ್ಸೆ ಮುಗಿಯದು. ಹೊಸ ಜಾಲರಿಯ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಮಾತ್ರೆಗಳಲ್ಲೊಂದನ್ನು ಸಾಮಾನ್ಯವಾಗಿ ಒಂದು ವರ್ಷ ಸೇವಿಸಬೇಕು. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ವೈದ್ಯರು ಆ ಅವಧಿಯನ್ನು ಕಡಿತಗೊಳಿಸುತ್ತಾರೆ. ಹಲ್ಲು ಕೀಳಿಸಲೆಂದೋ, ಗ್ಯಾಸ್ಟ್ರಿಕ್ ಆಯಿತೆಂದೋ, ಆರಾಮವಾಗಿದ್ದೇನೆಂದೋ ಮೊದಲ ತಿಂಗಳುಗಳಲ್ಲಿ ತಾವಾಗಿಯೇ ಎರಡೂ ಮಾತ್ರೆ ನಿಲ್ಲಿಸಿದವರಲ್ಲಿ ಸ್ಟೆಂಟ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳಬಹುದು. ಆಗ ಇಸಿಜಿಯಲ್ಲಿ ಎಸ್‌ಟಿ ಮತ್ತೆ ಏಳುತ್ತದೆ, ನೂರಿಪ್ಪತ್ತು ನಿಮಿಷದ ಎಣಿಕೆ ಮತ್ತೆ ಮೊದಲಾಗುತ್ತದೆ. ಅದಕ್ಕಾಗಿಯೇ ಮುಂದಿನ ಕೆಲವು ತಿಂಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ, ಹೊಟ್ಟೆಹುಣ್ಣಿನಿಂದ ರಕ್ತ ಹೋದ ಇತಿಹಾಸವಿದ್ದರೆ ಅಥವಾ ರಕ್ತ ತೆಳುವಾಗಿಸುವ ಬೇರೆ ಔಷಧಿ ನಡೆಯುತ್ತಿದ್ದರೆ, ಆ ಮಾಹಿತಿಯನ್ನು ಸ್ಟೆಂಟ್ ಹಾಕುವ ಮೊದಲೇ, ಕ್ಯಾಥ್‌ಲ್ಯಾಬ್‌ನ ಬಾಗಿಲಲ್ಲೇ ವೈದ್ಯರಿಗೆ ತಿಳಿಸಬೇಕಾಗುತ್ತದೆ.